ಕೋಣೆ ಸಿಕ್ಕ ಊರು, ಕೋಣೆ ಸಿಗದ ಊರು

ಹೊರದೇಶದಲ್ಲಿ ಓದಿ ಬಂದವರ ಕಥನಗಳಿಗೆ ನಮ್ಮಲ್ಲಿ ಒಂದು ಸಿದ್ಧ ಮಾದರಿ ಇದೆ. ಮೊದಲು ಚಳಿ ಮತ್ತು ಒಂಟಿತನ, ಆಮೇಲೆ ಗ್ರಂಥಾಲಯದ ಬೆರಗು, ಗೆಳೆಯರ ಬಳಗ, ಕಡೆಗೆ ಪದವಿ ಹಿಡಿದು ಮರಳುವ ಸಂಭ್ರಮ. ಹೊರನಾಡಿನ ಕನ್ನಡಿಗರಾದ ನಮ್ಮ ಮನೆಗಳ ಮಕ್ಕಳು ಈಗ ಒಂದು ಸೆಮಿಸ್ಟರಿಗೆಂದೋ ಎರಡು ವರ್ಷಕ್ಕೆಂದೋ ಹೊರಟಾಗ ಬರೆಯುವ ಪತ್ರಗಳೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ಸಾಗುತ್ತವೆ. ಈ ಮಾದರಿ ಸುಳ್ಳಲ್ಲ. ಆದರೆ ಹೋದವನು ಏನನ್ನು ಕಂಡ ಎಂಬುದನ್ನು ಹೇಳುವ ಈ ಕಥನಗಳು, ಮರಳಿದವನನ್ನು ಊರು ಹೇಗೆ ಕಂಡಿತು ಎಂಬುದನ್ನು ಹೇಳುವುದು ಅಪರೂಪ. ವಿದೇಶ ವ್ಯಾಸಂಗದ ಚರಿತ್ರೆಯನ್ನು ಪೂರ್ತಿಯಾಗಿ ಓದಬೇಕಾದರೆ ಹೋದ ಊರು ಮತ್ತು ಮರಳಿದ ಊರು ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಹಾಗೆ ನೋಡುವುದಕ್ಕೆ 1913ರಲ್ಲಿ ಮುಂಬಯಿಯ ಪರೇಲಿನಿಂದ ನ್ಯೂಯಾರ್ಕಿಗೆ ಹೊರಟ ಒಬ್ಬ ವಿದ್ಯಾರ್ಥಿಯ ವೃತ್ತಾಂತಕ್ಕಿಂತ ತಕ್ಕ ಉದಾಹರಣೆ ಮತ್ತೊಂದಿಲ್ಲವೆಂದು ನಮಗೆ ತೋರುತ್ತದೆ. ಆ ವಿದ್ಯಾರ್ಥಿ ಭೀಮರಾವ್ ರಾಮಜಿ ಅಂಬೇಡ್ಕರ್.

ಅಂಬೇಡ್ಕರರನ್ನು ನಾವು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೆಂದು, ಮಹಾಡದ ಕೆರೆಯ ನೀರು ಮುಟ್ಟಿದ ನಾಯಕರೆಂದು, 1956ರಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದವರೆಂದು ಬಲ್ಲೆವು. ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿ ಅಂಬೇಡ್ಕರ್ ನಮಗೆ ಅಷ್ಟು ಪರಿಚಿತರಲ್ಲ. ಆದರೆ ಮುಂದಿನ ಬದುಕಿನ ಅನೇಕ ಎಳೆಗಳು ನ್ಯೂಯಾರ್ಕಿನ ಆ ಮೂರು ವರ್ಷಗಳಲ್ಲಿಯೇ ಸಿಕ್ಕುತ್ತವೆ.

ಹೊರಡುವ ಮುನ್ನಿನ ಸ್ಥಿತಿಯನ್ನು ಮೊದಲು ನೆನೆಯಬೇಕು. ಬಾಲ್ಯದ ಶಾಲೆಯಲ್ಲಿ ಅವರು ಕೂರುತ್ತಿದ್ದುದು ಮನೆಯಿಂದ ತಂದ ಗೋಣಿತಾಟಿನ ಮೇಲೆ, ಉಳಿದ ಮಕ್ಕಳಿಂದ ಬೇರೆಯಾಗಿ. ಬಾಯಾರಿದರೆ ಶಾಲೆಯ ಜವಾನ ನಲ್ಲಿ ತಿರುಗಿಸಬೇಕು. ಜವಾನ ಬಾರದ ದಿನ ನೀರಿಲ್ಲ. ಮುಂಬಯಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಓದಲು ಆಸ್ಪದ ಸಿಗದೆ ಪರ್ಷಿಯನ್ ಆಯ್ದುಕೊಂಡರು. ಪರೇಲಿನ ಚಾಳಿನ ಇಕ್ಕಟ್ಟಿನ ಕೋಣೆಯಲ್ಲಿ ಇಡೀ ಸಂಸಾರ. ತಂದೆ ರಾಮಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ನಡುರಾತ್ರಿ ಕಳೆದ ಮೇಲೆ, ಮನೆ ನಿಶ್ಶಬ್ದವಾಗಿರುವ ಹೊತ್ತಿನಲ್ಲಿ, ಓದಲು ಎಬ್ಬಿಸುತ್ತಿದ್ದರೆಂದು ಜೀವನಚರಿತ್ರಕಾರರು ಬರೆಯುತ್ತಾರೆ. ಓದಿಗೆ ಬೇಕಾದ ಸ್ಥಳ ದೊರೆಯದ ಮನೆಯಲ್ಲಿ ಓದಿಗೆ ಬೇಕಾದ ಹೊತ್ತನ್ನಾದರೂ ತಂದೆ ದೊರಕಿಸಿಕೊಟ್ಟರು. ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿ, 1913ರ ಆರಂಭದಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಆ ತಂದೆ ತೀರಿಕೊಂಡರು.

ಅದೇ ವರ್ಷ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ ಮಂಜೂರು ಮಾಡಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ; ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ. ಈ ಕರಾರಿಗೆ 1913ರ ಜೂನ್ 4ರಂದು ಸಹಿ ಬಿತ್ತು. ಜುಲೈ ತಿಂಗಳಲ್ಲಿ ಅಂಬೇಡ್ಕರರು ನ್ಯೂಯಾರ್ಕಿನಲ್ಲಿದ್ದರು. ಪತ್ನಿ ರಮಾಬಾಯಿ ಎಳೆಯ ಮಗನೊಂದಿಗೆ ಪರೇಲಿನಲ್ಲಿಯೇ ಉಳಿದರು. ಅವರು ನಡೆಸಿದ ಬಡತನದ ಸಂಸಾರವೂ ಈ ವ್ಯಾಸಂಗಕ್ಕೆ ತೆತ್ತ ಬೆಲೆಯ ಭಾಗವೇ. ವಿದ್ಯಾರ್ಥಿವೇತನದ ಕಾಗದದಲ್ಲಿ ಆ ಲೆಕ್ಕ ಇರುವುದಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಮ್ಯಾನ್‌ಹಟನ್ನಿನ ಮಾರ್ನಿಂಗ್‌ಸೈಡ್ ಹೈಟ್ಸ್ ಎಂಬ ದಿಣ್ಣೆಯ ಮೇಲೆ. ಅಂಬೇಡ್ಕರರು ಮೊದಲು ಕೆಲ ದಿನ ಹಾರ್ಟ್‌ಲಿ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿದ್ದರು. ಅಲ್ಲಿಯ ಊಟ ಒಗ್ಗಲಿಲ್ಲ. ಅಲ್ಲಿಂದ ಭಾರತೀಯ ವಿದ್ಯಾರ್ಥಿಗಳು ಉಳಿಯುತ್ತಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ, ಆಮೇಲೆ ಲಿವಿಂಗ್‌ಸ್ಟನ್ ಹಾಲಿಗೆ ಹೋದರು. ಲಿವಿಂಗ್‌ಸ್ಟನ್ನಿನಲ್ಲಿ ಕೋಣೆಯ ಜೊತೆಗಾರರಾದವರು ನವಲ್ ಭಾತೇನಾ ಎಂಬ ಪಾರ್ಸಿ ವಿದ್ಯಾರ್ಥಿ. ಆ ಸ್ನೇಹ ಜೀವಮಾನದುದ್ದಕ್ಕೂ ಉಳಿಯಿತು. ವರ್ಷಗಳ ನಂತರ ಲಂಡನ್ನಿನ ಓದು ಮುಂದುವರಿಸಲು ಹಣ ಸಾಲದೆ ಬಂದಾಗ ಸಾಲ ಕೊಟ್ಟವರಲ್ಲಿ ಭಾತೇನಾ ಒಬ್ಬರು.

ಇದನ್ನೆಲ್ಲ ವಿಳಾಸಗಳ ಪಟ್ಟಿಯೆಂದು ಓದಿ ಮುಂದೆ ಹೋಗಿಬಿಡಬಹುದು. ಆದರೆ ಒಂದು ಸಂಗತಿಯನ್ನು ಗಮನಿಸೋಣ. ಒಂದು ವಿದ್ಯಾರ್ಥಿನಿಲಯದ ಊಟ ಹಿಡಿಸಲಿಲ್ಲವೆಂದು ಬಿಟ್ಟು ಇನ್ನೊಂದಕ್ಕೆ ಹೋಗುವುದು, ಅಲ್ಲಿಂದ ಮತ್ತೊಂದಕ್ಕೆ ಹೋಗುವುದು, ಬೇರೊಬ್ಬ ಭಾರತೀಯನ ಜೊತೆ ಒಂದೇ ಕೋಣೆಯಲ್ಲಿ ಇರುವುದು, ಎಲ್ಲರ ನಡುವೆ ಒಂದೇ ಮೇಜಿಗೆ ಕೂತು ಉಣ್ಣುವುದು: ಇವು ಬೇರೆ ವಿದ್ಯಾರ್ಥಿಗಳಿಗೆ ಹೇಳಿಕೊಳ್ಳಬೇಕಾದ ವಿಷಯಗಳೇ ಅಲ್ಲ. ಗೋಣಿತಾಟಿನ ಮೇಲೆ ಕೂತು ಓದಿದವರಿಗೆ ಇದೇ ಮೊದಲ ಪಾಠ. ಊಟ ಇಷ್ಟವಿಲ್ಲವೆನ್ನುವ ಸ್ವಾತಂತ್ರ್ಯ ಇರುವುದು, ಯಾವ ಪಂಕ್ತಿಯಲ್ಲಿ ಕೂರಬೇಕೆಂಬ ಪ್ರಶ್ನೆಯೇ ಇಲ್ಲದ ಕಡೆ ಮಾತ್ರ. ನ್ಯೂಯಾರ್ಕಿಗೆ ತಲುಪಿದ ಕೆಲವೇ ದಿನಗಳಲ್ಲಿ, 1913ರ ಆಗಸ್ಟಿನಲ್ಲಿ, ತಂದೆಯ ಗೆಳೆಯರೊಬ್ಬರಿಗೆ ಅವರು ಬರೆದ ಪತ್ರ ಉಳಿದಿದೆ. ಹೆಣ್ಣುಮಕ್ಕಳ ಓದು ಗಂಡುಮಕ್ಕಳ ಓದಿನ ಜೊತೆಜೊತೆಗೇ ನಡೆದರೆ ನಮ್ಮ ಜನರ ಏಳಿಗೆ ಬೇಗ ಆದೀತೆಂಬುದು ಅದರ ಮುಖ್ಯ ಮಾತು. ಹೊಸ ಊರಿನ ಬೆರಗು ಇನ್ನೂ ಆರದ ದಿನಗಳಲ್ಲಿಯೂ ಮನಸ್ಸು ಬಿಟ್ಟು ಬಂದ ಕಡೆಗೇ ತಿರುಗಿತ್ತೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಅಮೆರಿಕವನ್ನು ಸಮಾನತೆಯ ಸ್ವರ್ಗವೆಂದು ಚಿತ್ರಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಆ ಕಾಲದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ರೈಲುಡಬ್ಬಿ. ಮಾರ್ನಿಂಗ್‌ಸೈಡ್ ದಿಣ್ಣೆಯ ಪಕ್ಕದಲ್ಲಿಯೇ ಇರುವ ಹಾರ್ಲೆಮ್ ಕರಿಯರ ನೆಲೆಯಾಗಿ ಬೆಳೆಯುತ್ತಿದ್ದುದೂ ಅದೇ ವರ್ಷಗಳಲ್ಲಿ. 1917ರಲ್ಲಿ ಬಂದ ವಲಸೆ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರಿಗೆ ಬಾಗಿಲು ಹಾಕಿತು; ವಿದ್ಯಾರ್ಥಿಗಳಿಗೆ ವಿನಾಯಿತಿ ಇತ್ತು. ಅಂದರೆ ಅಂಬೇಡ್ಕರರಿಗೆ ದಕ್ಕಿದ ಸಮಾನತೆ ಒಂದು ವಿಶ್ವವಿದ್ಯಾಲಯದ ಆವರಣದ ಒಳಗಿನದು. ಅವರು ಇದನ್ನು ಅರಿಯದವರಲ್ಲ. 1946ರಲ್ಲಿ ಅವರು ಕರಿಯರ ಮಹಾನ್ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ, ವಿಶ್ವಸಂಸ್ಥೆಗೆ ಸಲ್ಲಿಸಲಾದ ಕರಿಯರ ಮನವಿಯ ಪ್ರತಿ ಕೇಳಿದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು.

ಇನ್ನು ಓದಿನ ವಿಚಾರ. ಕೊಲಂಬಿಯಾದಲ್ಲಿ ಅವರು ತೆಗೆದುಕೊಂಡ ಪಾಠಗಳನ್ನು ಸಂಶೋಧಕಿ ಎಲಿನಾರ್ ಝೆಲಿಯಟ್ ಲೆಕ್ಕ ಹಾಕಿದ್ದಾರೆ. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3. ಜೊತೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಪ್ರಾರಂಭಿಕ ಪಾಠಗಳು. ಪದವಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮತ್ತೆ ಸಿಗದ ಅವಕಾಶವೆಂದು ಬಗೆದವರು ಮಾತ್ರ ಹೀಗೆ ಓದುತ್ತಾರೆ. ರಾಜಸ್ವಶಾಸ್ತ್ರದ ಎಡ್ವಿನ್ ಸೆಲಿಗ್‌ಮನ್, ಇತಿಹಾಸದ ಜೇಮ್ಸ್ ಶಾಟ್‌ವೆಲ್ ಮತ್ತು ಜೇಮ್ಸ್ ಹಾರ್ವಿ ರಾಬಿನ್‌ಸನ್, ತತ್ತ್ವಶಾಸ್ತ್ರದ ಜಾನ್ ಡ್ಯೂಯಿ ಇವರೆಲ್ಲ ಅಂಬೇಡ್ಕರರ ಗುರುಗಳು. ಪ್ರಜಾಪ್ರಭುತ್ವವೆಂದರೆ ಬರಿಯ ಸರ್ಕಾರದ ರೂಪವಲ್ಲ, ಜನ ಒಬ್ಬರೊಡನೊಬ್ಬರು ಕೂಡಿ ಬಾಳುವ ರೀತಿ ಎಂಬ ಡ್ಯೂಯಿಯವರ ವಿಚಾರ ಈ ಶಿಷ್ಯನ ಬರಹಗಳಲ್ಲಿ ಕಡೆಯವರೆಗೂ ಕಾಣುತ್ತದೆ. ಲಾಹೋರಿನ ಸಭೆಗಾಗಿ ಬರೆದು, ಸಂಘಟಕರು ಸಭೆಯನ್ನೇ ರದ್ದುಮಾಡಿದಾಗ 1936ರಲ್ಲಿ ತಾವೇ ಅಚ್ಚು ಹಾಕಿಸಿದ ‘ಜಾತಿ ವಿನಾಶ’ ಪುಸ್ತಕದಲ್ಲಿ ಅವರು ಡ್ಯೂಯಿಯವರನ್ನು ತಮ್ಮ ಗುರುವೆಂದೂ ಅವರ ಋಣ ತಮ್ಮ ಮೇಲೆ ದೊಡ್ಡದೆಂದೂ ನೆನೆದಿದ್ದಾರೆ.

1915ರಲ್ಲಿ ಎಂ.ಎ. ಆಯಿತು. ನಮ್ಮ ಲೇಖನಕ್ಕೆ ಮುಖ್ಯವಾದದ್ದು ಅದರ ಮರುವರ್ಷದ ವಸಂತದ ಸೆಮಿಸ್ಟರು. ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರಜ್ಞರು ನಡೆಸುತ್ತಿದ್ದ ವಿಚಾರಗೋಷ್ಠಿಯಲ್ಲಿ ವಿದ್ಯಾರ್ಥಿಗಳು ಪ್ರಬಂಧ ಓದಬೇಕಿತ್ತು. ಗೋಲ್ಡನ್‌ವೈಸರ್ ಅವರು ಫ್ರಾನ್ಜ್ ಬೋಆಸ್ ಅವರ ಶಿಷ್ಯ. ಒಂದು ಜನಾಂಗ ಹುಟ್ಟಿನಿಂದಲೇ ಮೇಲು, ಇನ್ನೊಂದು ಕೀಳು ಎಂಬ ವಾದವನ್ನು ವಿದ್ವತ್ತಿನ ಬಲದಿಂದ ಎದುರಿಸುತ್ತಿದ್ದವರು ಬೋಆಸ್, ಅವರೂ ಕೊಲಂಬಿಯಾದವರೇ. ಇಂಥ ವಾತಾವರಣದಲ್ಲಿ 1916ರ ಮೇ 9ರಂದು, ಇಪ್ಪತ್ತೈದು ತುಂಬಿದ ಅಂಬೇಡ್ಕರರು ಭಾರತದ ಜಾತಿಗಳ ರಚನೆ, ಹುಟ್ಟು ಮತ್ತು ಬೆಳವಣಿಗೆಯನ್ನು ಕುರಿತ ತಮ್ಮ ಪ್ರಬಂಧವನ್ನು ಓದಿದರು. ಮರುವರ್ಷ ಅದು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು.

ಪ್ರಬಂಧದ ತಿರುಳನ್ನು ಸರಳವಾಗಿ ಹೇಳುವುದಾದರೆ ಹೀಗೆ. ಜಾತಿಯ ಲಕ್ಷಣವೇನೆಂದು ಕೇಳಿದಾಗ ಹಿಂದಿನ ವಿದ್ವಾಂಸರು ಮಡಿ, ಸಹಪಂಕ್ತಿ ನಿಷೇಧ, ಕುಲಕಸುಬು ಎಂದು ಹಲವನ್ನು ಪಟ್ಟಿ ಮಾಡಿದ್ದರು. ಅಂಬೇಡ್ಕರರು ಇವೆಲ್ಲ ಪರಿಣಾಮಗಳೆಂದು ಬದಿಗಿಟ್ಟು, ಮೂಲವನ್ನು ಒಂದೇ ಒಂದು ನಿಯಮದಲ್ಲಿ ಗುರುತಿಸಿದರು: ಗುಂಪಿನ ಒಳಗೇ ಮದುವೆ ಎಂಬ ಕಟ್ಟು. ಸಗೋತ್ರದಲ್ಲಿ ಮದುವೆ ಕೂಡದೆಂಬ ಹಳೆಯ ಹೊರಮದುವೆಯ ಪದ್ಧತಿ ಇದ್ದ ಸಮಾಜದ ಮೇಲೆ ಈ ಒಳಮದುವೆಯ ಕಟ್ಟನ್ನು ಹೇರಿದಾಗ ಜಾತಿ ಹುಟ್ಟುತ್ತದೆ. ಕಟ್ಟು ಉಳಿಯಬೇಕಾದರೆ ಗುಂಪಿನೊಳಗೆ ಮದುವೆಗೆ ತಕ್ಕ ಗಂಡು ಹೆಣ್ಣುಗಳ ಸಂಖ್ಯೆ ಸರಿದೂಗಬೇಕು. ಗಂಡ ಸತ್ತರೆ ಒಬ್ಬಳು ಹೆಣ್ಣು ಹೆಚ್ಚಾಗುತ್ತಾಳೆ. ಹೆಂಡತಿ ಸತ್ತರೆ ಒಬ್ಬ ಗಂಡು ಹೆಚ್ಚಾಗುತ್ತಾನೆ. ಹೆಚ್ಚಾದ ಹೆಣ್ಣನ್ನು ಸಹಗಮನದಿಂದಲೋ ಕಡ್ಡಾಯ ವೈಧವ್ಯದಿಂದಲೋ ಲೆಕ್ಕದಿಂದ ತೆಗೆದುಹಾಕಲಾಯಿತು. ಹೆಚ್ಚಾದ ಗಂಡಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಕೊಡಲಾಯಿತು. ಸತಿ, ವೈಧವ್ಯ, ಬಾಲ್ಯವಿವಾಹ ಎಂಬ ಮೂರೂ ಹೀಗೆ ಒಂದೇ ಯಂತ್ರದ ಭಾಗಗಳು. ಬಾಗಿಲು ಹಾಕಿಕೊಂಡ ವರ್ಗವೇ ಜಾತಿ. ಮೊದಲು ಬಾಗಿಲು ಹಾಕಿಕೊಂಡವರು ಪುರೋಹಿತ ವರ್ಗದವರು. ಉಳಿದವರು ಕೆಲವರು ಅನುಕರಣೆಯಿಂದ ಬಾಗಿಲು ಹಾಕಿಕೊಂಡರು, ಕೆಲವರು ಬೇರೆಯವರ ಬಾಗಿಲು ಮುಚ್ಚಿದ್ದರಿಂದ ಹೊರಗೆ ಉಳಿದರು. ಆದ್ದರಿಂದ ಜಾತಿ ಎಂಬುದು ಏಕವಚನದಲ್ಲಿ ಇರಲಾರದು, ಬಹುವಚನದಲ್ಲಿಯೇ ಇರಬಲ್ಲದು.

ಹೆಣ್ಣಿನ ಮೇಲಿನ ಹಿಡಿತವೇ ಜಾತಿಯ ಬುಡವೆಂದು ಒಬ್ಬ ಯುವಕ 1916ರಲ್ಲಿ ತೋರಿಸಿದ್ದು ಇಂದು ಓದಿದರೂ ಹೊಸದಾಗಿಯೇ ಕಾಣುತ್ತದೆ. ಮೂರು ವರ್ಷ ಹಿಂದೆ ಬರೆದ ಪತ್ರದಲ್ಲಿ ಹೆಣ್ಣುಮಕ್ಕಳ ಓದಿನ ಮಾತಾಗಿದ್ದದ್ದು ಇಲ್ಲಿ ಸಿದ್ಧಾಂತವಾಗಿ ಬೆಳೆದಿದೆ.

ನಮ್ಮನ್ನು ಹೆಚ್ಚು ತಟ್ಟುವುದು ಈ ಪ್ರಬಂಧದ ಧಾಟಿ. ಅದರಲ್ಲಿ ಬರೆದವರ ಸ್ವಂತ ನೋವಿನ ಒಂದು ಸಾಲೂ ಇಲ್ಲ. ಗೋಣಿತಾಟು ಇಲ್ಲ, ನಲ್ಲಿಯ ಜವಾನನಿಲ್ಲ. ವಸ್ತುಪ್ರದರ್ಶನಗಳನ್ನು ನೋಡುವಂತೆ ಮಾನವ ಸಂಸ್ಥೆಗಳನ್ನೂ ನೋಡಬಹುದಲ್ಲವೇ ಎಂದು ಸಭಿಕರನ್ನು ಕರೆದು, ಸೆನಾರ್ಟ್, ನೆಸ್ಫೀಲ್ಡ್, ರಿಸ್ಲಿ, ಕೇತಕರ್ ಇವರ ವ್ಯಾಖ್ಯೆಗಳನ್ನು ಒಂದೊಂದಾಗಿ ತೂಗಿ, ತಪ್ಪೆಂದು ಕಂಡರೆ ತಮ್ಮ ವಾದವನ್ನೂ ಬಿಟ್ಟುಕೊಡಲು ಸಿದ್ಧವೆಂದು ಹೇಳಿ ಮುಗಿಸುತ್ತಾರೆ. ಊರಿನಲ್ಲಿ ಅವರು ಜಾತಿಯ ವಿಷಯವಾಗಿದ್ದರು, ಅಂದರೆ ಬೇರೆಯವರು ನೋಡಿ ತೀರ್ಮಾನಿಸುವ ವಸ್ತುವಾಗಿದ್ದರು. ಆ ಗೋಷ್ಠಿಯ ಕೋಣೆಯಲ್ಲಿ ಜಾತಿ ಅವರ ವಿಷಯವಾಯಿತು. ನೋಡುವವರು ಅವರಾದರು. ದೂರದ ನಗರವೊಂದು ಒಬ್ಬ ವಿದ್ಯಾರ್ಥಿಗೆ ಕೊಡಬಹುದಾದ ದೊಡ್ಡ ಸಂಪತ್ತು ಇದೇ. ತನ್ನ ಬದುಕನ್ನು ತೋಳಳತೆಯ ದೂರದಲ್ಲಿಟ್ಟು, ಹೆದರದೆ, ಹೆಸರಿಟ್ಟು ನೋಡುವ ಅವಕಾಶ ಅದು.

ಆ ಪ್ರಬಂಧದಲ್ಲಿ ಹೆಸರಿಸಿದ ಶ್ರೀಧರ ವೆಂಕಟೇಶ ಕೇತಕರರೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಭಾರತೀಯರೇ. ಅವರ ಜಾತಿಚರಿತ್ರೆಯ ಪುಸ್ತಕ 1909ರಲ್ಲಿ ಬಂದಿತ್ತು. ಹಿಂದೂಗಳು ಬೇರೆ ದೇಶಗಳಿಗೆ ಹೋದರೆ ಜಾತಿಯೂ ಅವರೊಂದಿಗೆ ಹೋಗಿ ಜಗತ್ತಿನ ಸಮಸ್ಯೆಯಾದೀತೆಂಬ ಅವರ ಎಚ್ಚರಿಕೆಯನ್ನು ಅಂಬೇಡ್ಕರರು ತಮ್ಮ ಪ್ರಬಂಧದ ಆರಂಭದಲ್ಲಿ ಎತ್ತಿಕೊಂಡರು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಯ ಆಧಾರದ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿದಾಗ ಆ ಮಾತಿಗೆ ನೂರು ವರ್ಷ ದಾಟಿತ್ತು.

1916ರಲ್ಲಿ ಅಂಬೇಡ್ಕರರು ನ್ಯೂಯಾರ್ಕ್ ಬಿಟ್ಟು ಲಂಡನ್ನಿಗೆ ಹೋಗಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ನಿಗೆ ಸೇರಿದರು. ವೇತನದ ಅವಧಿ ತೀರಿತು. ಓದು ಅರ್ಧದಲ್ಲಿಯೇ ಉಳಿದು, ಮರಳಿ ಬಂದು ಮುಗಿಸಲು ನಾಲ್ಕು ವರ್ಷದ ಅವಕಾಶ ಪಡೆದು, 1917ರ ಆಗಸ್ಟಿನಲ್ಲಿ ಮುಂಬಯಿಗೆ ಇಳಿದರು. ಮಹಾಯುದ್ಧದ ಕಾಲ; ಬೇರೆ ಹಡಗಿನಲ್ಲಿ ಕಳಿಸಿದ್ದ ಸಾಮಾನು ಸರಂಜಾಮು ಟಾರ್ಪಿಡೊ ದಾಳಿಯಲ್ಲಿ ಸಮುದ್ರದ ಪಾಲಾಯಿತು. ಅದರಲ್ಲಿ ಪುಸ್ತಕಗಳೂ ಇದ್ದವು.

ಕರಾರಿನಂತೆ ಬರೋಡಾದ ಸೇವೆಗೆ ಹೋಗಬೇಕಿತ್ತು. ಅಲ್ಲಿ ನಡೆದುದನ್ನು ಅವರೇ 1930ರ ದಶಕದಲ್ಲಿ ಬರೆದಿಟ್ಟರು; ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಹೆಸರಿನಲ್ಲಿ ಅದು ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಹೊರದೇಶದ ವಾಸದಲ್ಲಿ ತಾನು ಅಸ್ಪೃಶ್ಯನೆಂಬ ಅರಿವೇ ಅಳಿಸಿಹೋಗಿತ್ತು, ಬರೋಡಾ ನಿಲ್ದಾಣದಲ್ಲಿ ಇಳಿದು ಎಲ್ಲಿಗೆ ಹೋಗಲಿ ಎಂಬ ಪ್ರಶ್ನೆ ಎದುರಾದಾಗ ಅದು ಮರಳಿತು ಎಂದು ಅವರು ಅಲ್ಲಿ ಹೇಳುತ್ತಾರೆ. ಹಿಂದೂ ಹೋಟೆಲುಗಳು ಸೇರಿಸಿಕೊಳ್ಳುವುದಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಮಹಡಿಯ ಮೇಲೆ ಮುರಿದ ಕುರ್ಚಿ ಬೆಂಚುಗಳು ತುಂಬಿದ ಹಜಾರ, ಪಕ್ಕದಲ್ಲೊಂದು ಪುಟ್ಟ ಕೋಣೆ, ರಾತ್ರಿಗೆ ಒಂದು ಲಾಟೀನು. ಹನ್ನೊಂದನೆಯ ದಿನ ಬೆಳಗ್ಗೆ, ಕೈಯಲ್ಲಿ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಬಂದು ನಿಂತರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಒಬ್ಬ ಹಿಂದೂ ಸ್ನೇಹಿತರನ್ನು ಕೇಳಿದರೆ, ನೀವು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆಂದರು. ಒಬ್ಬ ಕ್ರೈಸ್ತ ಸ್ನೇಹಿತರು ಹೆಂಡತಿಯನ್ನು ಕೇಳಬೇಕೆಂದರು. ಉಳಿದ ಹೊತ್ತನ್ನು ಒಂದು ಸಾರ್ವಜನಿಕ ಉದ್ಯಾನದಲ್ಲಿ ಕಳೆದು, ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಹೊರಟರು.

ಒಂದು ಕಡೆ, ಯಾವ ನಂಟೂ ಇಲ್ಲದ ನಗರದಲ್ಲಿ ಮೂರು ವಿಳಾಸಗಳು, ಇಷ್ಟ ಬಂದಂತೆ ಬದಲಾಯಿಸಿದವು. ಇನ್ನೊಂದು ಕಡೆ, ಓದಿಸಿದ ಸಂಸ್ಥಾನದ ರಾಜಧಾನಿಯಲ್ಲಿ, ಅದೇ ಸಂಸ್ಥಾನದ ಅಧಿಕಾರಿಗೆ, ಸ್ವಂತ ಹೆಸರಿನಲ್ಲಿ ಒಂದು ರಾತ್ರಿಯ ಕೋಣೆ ಇಲ್ಲ. ಇಲ್ಲಿ ಮಹಾರಾಜರ ಔದಾರ್ಯ ಸುಳ್ಳಾಗಿರಲಿಲ್ಲ. ಆದರೆ ಅರಸನ ಔದಾರ್ಯ ಒಬ್ಬನನ್ನು ಸಮುದ್ರದಾಚೆಗೆ ಕಳಿಸಬಲ್ಲದು. ಬೀದಿಯ ಬಾಗಿಲನ್ನು ತೆರೆಸಲಾರದು. ವಿದೇಶದಲ್ಲಿ ದೊರೆತ ಸಮಾನತೆಯನ್ನು ಪೆಟ್ಟಿಗೆಯಲ್ಲಿಟ್ಟು ತರಲಾಗುವುದಿಲ್ಲ ಎಂಬುದು ಬರೋಡಾದ ಪಾಠ. ತರಬಹುದಾದದ್ದು ಅದರ ನೆನಪು ಮಾತ್ರ. ಸಮಾನವಾಗಿ ಬಾಳುವುದು ಸಾಧ್ಯ, ತಾನು ಬಾಳಿದ್ದೆ ಎಂಬ ನೆನಪು.

ಆ ನೆನಪನ್ನು ಅಂಬೇಡ್ಕರರು ಏನು ಮಾಡಿದರು? ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಟ್ಟು, ಕೊಲ್ಹಾಪುರದ ಶಾಹೂ ಮಹಾರಾಜರ ಮತ್ತು ಭಾತೇನಾರ ನೆರವಿನಿಂದ 1920ರಲ್ಲಿ ಲಂಡನ್ನಿಗೆ ಮರಳಿ, 1923ರಲ್ಲಿ ಡಿ.ಎಸ್ಸಿ. ಪಡೆದರು. ಕೊಲಂಬಿಯಾದ ಪಿಎಚ್.ಡಿ. ವಿಧಿವತ್ತಾಗಿ ಕೈಸೇರಿದ್ದು 1927ರಲ್ಲಿ. ಆ ಪ್ರಬಂಧ 1925ರಲ್ಲಿ ಪುಸ್ತಕವಾದಾಗ ಸೆಲಿಗ್‌ಮನ್ ಮುನ್ನುಡಿ ಬರೆದಿದ್ದರು. ಇದು ಪದವಿಗಳ ಲೆಕ್ಕ. ಇನ್ನೊಂದು ಲೆಕ್ಕ ನಮಗೆ ಹೆಚ್ಚು ಹತ್ತಿರದ್ದು. 1924ರ ಜುಲೈಯಲ್ಲಿ ಅವರು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದರು. ಮರುವರ್ಷದ ಜನವರಿಯಲ್ಲಿಯೇ ಆ ಸಭೆ ಸೊಲ್ಲಾಪುರದಲ್ಲಿ ದಲಿತ ವಿದ್ಯಾರ್ಥಿಗಳಿಗೊಂದು ವಸತಿಗೃಹ ತೆರೆಯಿತು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನಲ್ಲಿ ಅಂಬೇಡ್ಕರರು ಪಾಲ್ಗೊಂಡರು. 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ಮೂಲಕ ವಿದ್ಯಾರ್ಥಿನಿಲಯಗಳನ್ನು ನಡೆಸಿದ ಊರುಗಳಲ್ಲಿ ಪನ್ವೇಲ್, ಠಾಣೆ, ನಾಸಿಕ, ಪುಣೆಗಳ ಜೊತೆಗೆ ನಮ್ಮ ಧಾರವಾಡವೂ ಇತ್ತು. ಆಗ ಅದು ಮುಂಬಯಿ ಪ್ರಾಂತದ್ದು.

ಸಂಘಟನೆಯ ಮೊದಲ ಕೆಲಸಗಳಲ್ಲೊಂದು ವಿದ್ಯಾರ್ಥಿನಿಲಯವೇ ಆದದ್ದನ್ನು ನಾವು ಕೇವಲ ಆಕಸ್ಮಿಕವೆಂದು ಓದಲಾರೆವು. ಶಾಲೆಯ ಬಾಗಿಲು ಕಾನೂನಿನಿಂದ ತೆರೆದರೂ, ಹಳ್ಳಿಯಿಂದ ಬಂದ ಹುಡುಗ ರಾತ್ರಿ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು, ಯಾವ ದೀಪದಡಿ ಓದಬೇಕು? ಪರೇಲಿನ ಚಾಳು, ಲಿವಿಂಗ್‌ಸ್ಟನ್ ಹಾಲ್, ಬರೋಡಾದ ಲಾಟೀನಿನ ಕೋಣೆ ಇಷ್ಟನ್ನೂ ಕಂಡವರಿಗೆ ಈ ಪ್ರಶ್ನೆಯ ತೂಕ ಗೊತ್ತಿತ್ತು. ಮುಂದೆ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಆರಂಭವಾಯಿತು. ಅದಕ್ಕೂ ಮೊದಲೇ ದಾದರದ ಹಿಂದೂ ಕಾಲನಿಯಲ್ಲಿ, ಪುಸ್ತಕಗಳಿಗೆ ಸ್ಥಳ ಬೇಕೆಂದೇ ಕಟ್ಟಿಸಿದ ‘ರಾಜಗೃಹ’ ಎದ್ದಿತ್ತು. ಸಮುದ್ರದ ಪಾಲಾದ ಪುಸ್ತಕಗಳಿಗೆ ಅವರು ಕೊಟ್ಟ ಉತ್ತರ ಅದು.

1952ರ ಜೂನ್ 5ರಂದು ಕೊಲಂಬಿಯಾ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ಜಾನ್ ಡ್ಯೂಯಿ ಅದೇ ನಗರದಲ್ಲಿ ಜೂನ್ 1ರಂದು, ನಾಲ್ಕೇ ದಿನ ಮೊದಲು, ತೀರಿಕೊಂಡಿದ್ದರು. ಗುರುವನ್ನು ಕಾಣುವ ಆಸೆಯಿಂದ ಹೊರಟ ಶಿಷ್ಯನಿಗೆ ಭೇಟಿ ದಕ್ಕಲಿಲ್ಲ.

ಈ ವೃತ್ತಾಂತವನ್ನು ನಾವು ಹೊರನಾಡಿನಲ್ಲಿ ಕೂತು ಓದುತ್ತಿರುವುದಕ್ಕೆ ಒಂದು ವಿಶೇಷ ಅರ್ಥವಿದೆ. ಕೆಲಸ ಹುಡುಕಿ ಬೇರೆ ಊರಿಗೆ ಬಂದ ಪ್ರತಿಯೊಬ್ಬರಿಗೂ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತ ಅನುಭವವಿದೆ. ಭಾಷೆ ಯಾವುದು, ಊಟ ಎಂಥದ್ದು, ಹೆಸರಿನ ಮುಂದಿನದು ಏನು ಎಂಬ ಪ್ರಶ್ನೆಗಳು ಇಂದಿಗೂ ಮಹಾನಗರಗಳ ಹೌಸಿಂಗ್ ಸೊಸೈಟಿಗಳಲ್ಲಿ ಕೇಳುತ್ತವೆ. ಕೇಳಿಸಿಕೊಂಡವರೇ ನಾಳೆ ಮನೆಯ ಒಡೆಯರಾಗಿ ಅದೇ ಪ್ರಶ್ನೆ ಕೇಳುವುದೂ ಉಂಟು. ನಮ್ಮ ಮಕ್ಕಳು ಹೊರದೇಶದ ವಿದ್ಯಾರ್ಥಿನಿಲಯಗಳಲ್ಲಿ ಯಾರ ಯಾರದೋ ಜೊತೆ ಕೋಣೆ ಹಂಚಿಕೊಂಡು, ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಣ್ಣುತ್ತಾರೆ. ಅದನ್ನು ನಾವು ಅನಿವಾರ್ಯವೆಂದು ಒಪ್ಪುತ್ತೇವೆ, ಹೆಮ್ಮೆಯಿಂದಲೂ ಹೇಳಿಕೊಳ್ಳುತ್ತೇವೆ. ಆ ಮಕ್ಕಳು ರಜೆಗೆ ಬರುವಾಗ ಅದೇ ಜೊತೆಗಾರರನ್ನು ಕರೆತಂದರೆ ನಮ್ಮ ಅಡುಗೆಮನೆಯ ತನಕ ಅವರಿಗೆ ದಾರಿ ಇದೆಯೇ ಎಂಬುದು ಆ ಸೆಮಿಸ್ಟರಿನ ಕಡೆಯ ಪರೀಕ್ಷೆ. ಅದನ್ನು ಬರೆಯಬೇಕಾದವರು ಮಕ್ಕಳಲ್ಲ, ಮನೆಯಲ್ಲಿ ಉಳಿದವರು.